ಎದೆಯ ಭಾರವನ್ನು ಪದ್ಯಕ್ಕಿಳಿಸುವುದು: ಮನಸ್ಸಿನ ಆರೈಕೆಗಾಗಿ ಕವಿತೆ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಕವಿತೆ ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಬರೆದರೆ ಹಗುರಾಗುತ್ತದೆ, ಹೇಗೆ ಬರೆದರೆ ಇನ್ನಷ್ಟು ಭಾರವಾಗುತ್ತದೆ ಎಂದು ಹೇಳುವವರು ಕಡಿಮೆ. ಎರಡೂ ಆಗುವುದುಂಟು. ನಡುರಾತ್ರಿ ಕೂತು "ನಾನು ಒಂಟಿ, ನನ್ನವರು ಯಾರೂ ಇಲ್ಲ" ಎಂದು ಪುಟಗಟ್ಟಲೆ ಬರೆದವರು ಬೆಳಿಗ್ಗೆ ಅವೇ ಸಾಲುಗಳನ್ನು ತಲೆಯಲ್ಲಿ ಹೊತ್ತುಕೊಂಡು ಏಳಬಹುದು. ಅಲ್ಲಿ ಆದದ್ದಿಷ್ಟೆ: ಕೊರಗು ಕಾಗದದ ಮೇಲೆ ಇನ್ನೊಂದು ಸುತ್ತು ತಿರುಗಿತು. ನನ್ನ ಮಟ್ಟಿಗೆ ತೋಡಿಕೊಳ್ಳುವುದು ಅರ್ಧ ಕೆಲಸ, ತೋಡಿಕೊಂಡದ್ದನ್ನು ಕಟ್ಟುವುದು ಉಳಿದರ್ಧ. ನೆಮ್ಮದಿ ಹೆಚ್ಚಾಗಿ ಸಿಗುವುದು ಈ ಎರಡನೆಯ ಅರ್ಧದಲ್ಲಿ, ಬಹಳ ಜನ ಕೈಬಿಡುವುದೂ ಅದನ್ನೇ.

ಇದು ನಮ್ಮ ನೆಲಕ್ಕೆ ಹೊಸ ವಿಷಯವೇನಲ್ಲ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಅತ್ತೆಯ ಕಾಟ, ಗಂಡನ ತಾತ್ಸಾರ, ಮಕ್ಕಳಿಲ್ಲದ ಕೊರತೆ, ತವರಿನ ಹಂಬಲ ಎಲ್ಲವನ್ನೂ ಹಾಡಿಗೆ ಹಾಕಿದರು. ಮಾತಿನಲ್ಲಿ ಹೇಳಿದ್ದರೆ ಮನೆಯಲ್ಲಿ ರಾದ್ಧಾಂತವಾಗುತ್ತಿತ್ತು. ಪದವಾಗಿ ಹಾಡಿದರೆ ಯಾರೂ ಪ್ರಶ್ನಿಸುವಂತಿಲ್ಲ. ಅವರ ಕೈಯಲ್ಲಿ ತ್ರಿಪದಿ ಎಂಬ ಮೂರು ಸಾಲಿನ ಅಚ್ಚು ಇತ್ತು. ಎಷ್ಟು ದೊಡ್ಡ ಸಂಕಟವಾದರೂ ಮೂರು ಸಾಲಿನೊಳಗೆ ಕೂರಬೇಕು.

ಆಧುನಿಕ ಮನಶ್ಶಾಸ್ತ್ರ ಇದೇ ಹಾದಿಗೆ ಬೇರೆ ಕಡೆಯಿಂದ ಬಂತು. 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆಯಲು ಹೇಳಿದರು. ಬರೆದ ಕೂಡಲೇ ಅವರ ಮನಸ್ಸು ಕದಡಿತ್ತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅಂಥದೇ ನೂರಾರು ಪ್ರಯೋಗಗಳು ಆಮೇಲೆ ನಡೆದವು. 2006ರಲ್ಲಿ ಜೋಆನ್ ಫ್ರಾಟರೋಲಿ 146 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಕಂಡದ್ದು: ಪ್ರಯೋಜನ ನಿಜ, ಆದರೆ ಸಣ್ಣದು. ಈ "ಸಣ್ಣದು" ಎಂಬುದನ್ನು ಮರೆಯಬೇಡಿ. ಕವಿತೆ ಖಿನ್ನತೆಯ ಮಾತ್ರೆಗೆ ಬದಲಿಯಲ್ಲ, ಆಪ್ತಸಮಾಲೋಚಕರಿಗೂ ಬದಲಿಯಲ್ಲ.

ಪೆನ್ನು ಹಿಡಿಯುವ ಮುನ್ನ

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಎಲ್ಲ ಏರುಪೇರಾಗಿದ್ದರೆ, ಯಾವುದರಲ್ಲೂ ಆಸಕ್ತಿಯೇ ಉಳಿಯದಿದ್ದರೆ, ಮೊದಲು ವೈದ್ಯರ ಬಳಿ ಹೋಗಿ; ಕವಿತೆಯನ್ನು ಅದರ ಜೊತೆಗೆ ಬರೆಯಿರಿ. ಸಾಯುವ ಯೋಚನೆ ಬರುತ್ತಿದ್ದರೆ ಅದನ್ನು ಕವಿತೆ ಮಾಡಲು ಕೂರಬೇಡಿ, ಈಗಲೇ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಿರುವವರಿಗೆ 988 ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತಿರುವ ಮಾನಸಿಕ ಆರೋಗ್ಯ ಸಂಸ್ಥೆಗಳೇ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು.

ಇನ್ನೆರಡು ಎಚ್ಚರಿಕೆ. ಪೆಟ್ಟು ತೀರಾ ಹಸಿಯಾಗಿದ್ದರೆ, ಅಂದರೆ ಸಾವೋ ಅಪಘಾತವೋ ಹಲ್ಲೆಯೋ ಆಗಿ ಕೆಲವೇ ದಿನಗಳಾಗಿದ್ದರೆ, ಆ ಘಟನೆಯನ್ನು ಕೆದಕಿ ಬರೆಯಲು ಅವಸರ ಮಾಡಬೇಡಿ. ಒಂದೆರಡು ತಿಂಗಳು ಕಳೆಯಲಿ. ಎರಡನೆಯದು, ರಾತ್ರಿಯಿಡೀ ನಿದ್ದೆಯಿಲ್ಲದೆ, ದಣಿವೂ ಇಲ್ಲದೆ, ಒಂದರ ಹಿಂದೊಂದು ಕವಿತೆ ಉಕ್ಕಿ ಬರುತ್ತಿದ್ದರೆ ಅದನ್ನು ಸರಸ್ವತಿಯ ಕೃಪೆ ಎಂದು ಸಂಭ್ರಮಿಸುವ ಮೊದಲು ವೈದ್ಯರಿಗೆ ತಿಳಿಸಿ. ಕೆಲವು ಮನೋರೋಗಗಳಲ್ಲಿ ಮನಸ್ಸು ಮಿತಿಮೀರಿ ಏರುವಾಗ ಹೀಗೇ ಆಗುತ್ತದೆ. ಮಾತ್ರೆ ತಿಂದರೆ ಕವಿತೆ ಬರುವುದಿಲ್ಲ ಎಂದು ಚಿಕಿತ್ಸೆ ಬಿಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಸಾಮಾನು ಹೆಚ್ಚೇನೂ ಬೇಡ. ಎರಡು ರೂಲ್ಡ್ ನೋಟ್‌ಬುಕ್, ಒಂದು ಪೆನ್ನು. ಒಂದು ಪುಸ್ತಕ ತೋಡಿಕೊಳ್ಳಲು, ಇನ್ನೊಂದು ಪದ್ಯ ಕಟ್ಟಲು. ಎರಡನ್ನೂ ಬೆರೆಸಬೇಡಿ. ಮೊಬೈಲ್‌ನಲ್ಲಿ ಬರೆದರೆ ಆಗದೇ ಎಂದರೆ ಆಗುತ್ತದೆ, ಆದರೆ ವಾಟ್ಸಾಪ್ ಒಂದು ಬೆರಳಿನ ದೂರದಲ್ಲಿರುತ್ತದೆ. ಮಲಗುವ ಹೊತ್ತನ್ನು ಬಿಟ್ಟು ಬೇರೆ ಯಾವ ಹೊತ್ತಾದರೂ ಸರಿ. ಬರೆದ ಮೇಲೆ ಮಾಡಲು ಪಾತ್ರೆ ತೊಳೆಯುವುದೋ ಗಿಡಕ್ಕೆ ನೀರು ಹಾಕುವುದೋ ಯಾವುದಾದರೊಂದು ಕೈಕೆಲಸ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಗದ್ಯದಲ್ಲೇ ತೋಡಿಕೊಳ್ಳಿ

ಗಡಿಯಾರ ನೋಡಿ 15 ನಿಮಿಷ. ಕವಿತೆ ಬರೆಯುತ್ತಿದ್ದೇನೆ ಎಂಬುದನ್ನೇ ಮರೆತುಬಿಡಿ. ಕಾಗುಣಿತ, ವ್ಯಾಕರಣ ಯಾವುದೂ ಬೇಡ. ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಿರಿ: ಕುಂದಾಪುರದ್ದೋ ಮಂಡ್ಯದ್ದೋ ಕಲಬುರಗಿಯದ್ದೋ. "ಹೃದಯಾಂತರಾಳದ ವೇದನೆ" ಎಂದು ಬರೆಯತೊಡಗಿದರೆ ನೀವು ಯಾರಿಗೋ ತೋರಿಸಲು ಬರೆಯುತ್ತಿದ್ದೀರಿ ಎಂದು ತಿಳಿಯಿರಿ. ಸಿಟ್ಟು ಬಂದಾಗ ನಿಮ್ಮ ಬಾಯಿಂದ ಬರುವ ಮಾತು ಯಾವುದೋ ಅದೇ ಬರಲಿ, ಬೈಗುಳವಾದರೂ ಸರಿ.

ಬರೆಯುತ್ತಾ ಹೋದಂತೆ "ಇದನ್ನು ತಡೆದುಕೊಳ್ಳಲಾರೆ" ಎನಿಸಿದರೆ ಅಲ್ಲಿಗೇ ನಿಲ್ಲಿಸಿ. ವಿಷಯ ಬದಲಿಸಿ, ಅಥವಾ ಪುಸ್ತಕ ಮುಚ್ಚಿ ಎದ್ದುಬಿಡಿ. ಪೆನ್ನೆಬೇಕರ್ ಸಲಹೆಯೂ ಇದೇ. ಬರೆದ ಮೇಲೆ ಒಂದೆರಡು ಗಂಟೆ ಮನಸ್ಸು ಮಂಕಾಗುವುದು ಸಹಜ. ದಿನಗಟ್ಟಲೆ ಹಾಗೇ ಉಳಿದರೆ ಈ ದಾರಿ ಸದ್ಯಕ್ಕೆ ನಿಮ್ಮದಲ್ಲ.

ಉದಾಹರಣೆಗೆ ಒಬ್ಬ ಸೊಸೆಯನ್ನು ಊಹಿಸಿಕೊಳ್ಳಿ. ಧಾರವಾಡ ಕಡೆಯವಳು. ಅತ್ತೆಗೆ ಮರೆವಿನ ಕಾಯಿಲೆ. ಡಿಮೆನ್ಷಿಯಾ ಇರುವವರ ಮನೆಯಲ್ಲಿ ಸಂಜೆ ಕಷ್ಟದ ಹೊತ್ತು. ಕತ್ತಲಾಗುತ್ತಿದ್ದಂತೆ ಅವರಿಗೆ ಚಡಪಡಿಕೆ ಹೆಚ್ಚುತ್ತದೆ, ಇರುವ ಮನೆಯಲ್ಲೇ ಇದ್ದುಕೊಂಡು "ಮನೆಗೆ ಹೋಗಬೇಕು" ಎನ್ನುತ್ತಾರೆ. ಈಕೆ ತನ್ನ ಮೊದಲ ಪುಸ್ತಕದಲ್ಲಿ ಹೀಗೆ ಬರೆದಳು ಎಂದಿಟ್ಟುಕೊಳ್ಳೋಣ:

"ಇವತ್ತೂ ಸಂಜೀಕ ಶುರು ಆತು. ಮನೀಗೆ ಹೋಗಬೇಕು ಅಂತಾರ. ಇದ ಮನಿ ಅಂದ್ರ ಕೇಳೂದಿಲ್ಲ. ನನಗ ಸಾಕಾಗೇತಿ. ಟಾವೆಲ್‌ನ್ಯಾಗ ಎರಡು ಜಂಪರ, ಒಂದು ಹಣಗಿ ಕಟ್ಟಿಕೊಂಡು ಬಾಗಿಲ ಮುಂದ ನಿಂತಿದ್ರು. ಒದರಾಡಿದೆ. ಆಮ್ಯಾಲೆ ಬ್ಯಾಸರಾತು. ನಾ ಎಂಥಾ ಹೆಣಮಗಳು ಅನಸ್ತು. ಯಾರಿಗೂ ತಿಳಿಯೂದಿಲ್ಲ. ಇವರು ಫೋನ್ ಹಿಡಕೊಂಡು ಕುಂತಾರ. ಮ್ಯಾಲಿನ ಚಿಲಕ ಹಾಕೀನಿ, ಅವರಿಗೆ ನಿಲುಕೂದಿಲ್ಲ. ನನಗೂ ಎಲ್ಲೂ ಹೋಗಾಕ ಆಗವಲ್ದು."

ಇಲ್ಲಿಗೆ ಪುಸ್ತಕ ಮುಚ್ಚಬೇಕು. ಮುಂದಿನ ಹೆಜ್ಜೆ ಅದೇ ದಿನ ಬೇಡ.

ಎರಡನೆಯ ಹೆಜ್ಜೆ: ವಸ್ತುವನ್ನು ಹೆಕ್ಕಿ, ಭಾವಕ್ಕೆ ಸರಿಯಾದ ಹೆಸರಿಡಿ

ಮರುದಿನ ಪೆನ್ಸಿಲ್ ಹಿಡಿದು ಓದಿ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಅಡಿಯಲ್ಲಿ ಮಾತ್ರ ಗೆರೆ ಎಳೆಯಿರಿ. ನಮ್ಮ ಉದಾಹರಣೆಯಲ್ಲಿ ಟಾವೆಲ್, ಜಂಪರ (ಕುಪ್ಪಸ), ಹಣಗಿ (ಬಾಚಣಿಗೆ), ಫೋನ್, ಚಿಲಕ. "ಸಾಕಾಗೇತಿ", "ಯಾರಿಗೂ ತಿಳಿಯೂದಿಲ್ಲ" ಎಂಬ ಮಾತುಗಳು ಸುಳ್ಳಲ್ಲ, ಆದರೆ ನೊಂದವರೆಲ್ಲರೂ ಹೇಳುವ ಮಾತುಗಳವು. ಎರಡು ಜಂಪರ ಮತ್ತು ಒಂದು ಹಣಗಿ ಮಾತ್ರ ಈ ಮನೆಯವು. ಇವುಗಳಲ್ಲಿ ಯಾವುದನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೋ ಅದೇ ನಿಮ್ಮ ಕವಿತೆಯ ಬೀಜ. ಒಂದು ಸಾಕು, ಹೆಚ್ಚೆಂದರೆ ಎರಡು.

ಇನ್ನು ಹೆಸರಿಡುವ ಕೆಲಸ. "ಬೇಜಾರು", "ಬ್ಯಾಸರ" ಎಂಬುದನ್ನು ಒಂದು ತಿಂಗಳ ಮಟ್ಟಿಗೆ ನಿಷೇಧಿಸಿ. ಅದರೊಳಗೆ ಯಾವುದು ಬೇಕಾದರೂ ಅಡಗಿ ಕೂರುತ್ತದೆ. ಅದು ಸಿಟ್ಟೇ, ಅವಮಾನವೇ, ಹೊಟ್ಟೆಕಿಚ್ಚೇ? ಕಳವಳವೋ ತಳಮಳವೋ ಕಸಿವಿಸಿಯೋ? ಮಾಡಿದ್ದಕ್ಕೆ ಪಶ್ಚಾತ್ತಾಪವೋ, ಮಾಡದೆ ಉಳಿದದ್ದಕ್ಕೆ ಹಳಹಳಿಯೋ? ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದು: ಮುಖದ ಮೇಲಿನ ಭಾವಕ್ಕೆ ಹೆಸರು ಹೇಳಿದಾಗ, ಭಯ-ಗಾಬರಿಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಸದ್ದು ಕಡಿಮೆಯಾಗುತ್ತದೆ. ನಮ್ಮ ಸೊಸೆಯ "ಬ್ಯಾಸರ"ವನ್ನು ಬಿಡಿಸಿ ನೋಡಿದರೆ ಅತ್ತೆಯ ಮೇಲಿನ ಸಿಟ್ಟಿಗಿಂತ, ತಾನೂ ಕೂಡಿಹಾಕಿಕೊಂಡಿದ್ದೇನೆ ಎಂಬ ಉಸಿರುಗಟ್ಟುವಿಕೆ ದೊಡ್ಡದಿರಬಹುದು. ಅದು ಅವಳಿಗೇ ಆಗ ಗೊತ್ತಾಗುವ ಸಂಗತಿ. ಈ ಹೆಸರನ್ನು ಕವಿತೆಯಲ್ಲಿ ಬರೆಯಲೇಬೇಕೆಂದಿಲ್ಲ. ನಿಮಗೆ ತಿಳಿದಿದ್ದರೆ ಸಾಕು.

ಮೂರನೆಯ ಹೆಜ್ಜೆ: ಯಾರಿಗೆ ಹೇಳುತ್ತಿದ್ದೀರಿ?

ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಮುಖ್ಯವಾದ ಹೆಜ್ಜೆ ಇದು. ತನಗೆ ತಾನೇ ಹೇಳಿಕೊಳ್ಳುವ ದುಃಖ ಗಾಣದೆತ್ತಿನಂತೆ ಸುತ್ತುತ್ತದೆ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಹೇಳತೊಡಗಿದರೆ ಅದಕ್ಕೆ ಒಂದು ದಿಕ್ಕು ಬರುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರು ಇದನ್ನು ಚೆನ್ನಾಗಿ ಬಲ್ಲವರು. ತಮ್ಮ ಸಂಶಯ, ಸಿಟ್ಟು, ಸೋಲು ಎಲ್ಲವನ್ನೂ ಅವರು ಒಂದು ಹೆಸರಿನ ಮುಂದೆ ಇಟ್ಟು, ಅದೇ ಅಂಕಿತದಿಂದ ಮಾತು ಮುಗಿಸಿದರು. ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಕವಿತೆಯನ್ನು ನೆನಪಿಸಿಕೊಳ್ಳಿ. ಮಗು ಕೈತಪ್ಪುತ್ತಿರುವ ಹೊತ್ತಿನ ಸಂಕಟ ಅದು, ಆದರೆ ಮಾತೆಲ್ಲ ಹೆಂಡತಿಗೆ, ಅವಳ ನೋಟಕ್ಕೆ.

ನೀವೂ ಒಬ್ಬರನ್ನು ಆರಿಸಿ. ಸತ್ತವರಾಗಬಹುದು, ಬಿಟ್ಟುಹೋದವರಾಗಬಹುದು, ದೇವರಾಗಬಹುದು, ಹತ್ತು ವರ್ಷದ ಹಿಂದಿನ ನೀವೇ ಆಗಬಹುದು. ಕಾಯಿಲೆಗೇ ಹೇಳಬಹುದು. ಮನುಷ್ಯರು ಯಾರೂ ಒಗ್ಗದಿದ್ದರೆ ಆ ಚಿಲಕಕ್ಕೇ ಹೇಳಿ. ಏಕವಚನವೋ ಬಹುವಚನವೋ ಎಂಬುದನ್ನು ನಿಮ್ಮ ನಾಲಿಗೆಯೇ ನಿರ್ಧರಿಸಲಿ. ಅಪ್ಪನನ್ನು ಜೀವಮಾನವೆಲ್ಲ "ನೀವು" ಎಂದವರು ಕವಿತೆಯಲ್ಲಿ ಒಮ್ಮೆ "ನೀನು" ಎಂದರೆ ಏನಾಗುತ್ತದೆ ನೋಡಿ. ಕೆಲವರಿಗೆ ಅಲ್ಲೇ ಕಟ್ಟೆ ಒಡೆಯುತ್ತದೆ.

ಇನ್ನೊಂದು ಉಪಾಯ, ಎಲ್ಲ "ನಾನು"ಗಳನ್ನೂ "ಅವಳು" ಅಥವಾ "ಅವನು" ಮಾಡಿ ಮತ್ತೆ ಬರೆಯುವುದು. "ಒದರಾಡಿದೆ" ಹೋಗಿ "ಒದರಾಡಿದಳು" ಬರುತ್ತದೆ. ಹಾಗೆ ಬರೆದ ಕೂಡಲೇ ಅವಳ ಮೇಲೆ ನಮಗೆ ಸ್ವಲ್ಪ ಕರುಣೆ ಹುಟ್ಟುತ್ತದೆ. ನಮ್ಮ ಮೇಲೆ ಅಷ್ಟು ಸುಲಭವಾಗಿ ಹುಟ್ಟದ ಕರುಣೆ. 2001ರಲ್ಲಿ ಸ್ಟರ್ಮನ್ ಮತ್ತು ಪೆನ್ನೆಬೇಕರ್ ಆತ್ಮಹತ್ಯೆ ಮಾಡಿಕೊಂಡ ಒಂಬತ್ತು ಕವಿಗಳ ಪದಬಳಕೆಯನ್ನು ಹಾಗಲ್ಲದ ಒಂಬತ್ತು ಕವಿಗಳ ಜೊತೆ ಹೋಲಿಸಿದಾಗ, ಮೊದಲ ಗುಂಪಿನಲ್ಲಿ "ನಾನು", "ನನ್ನ" ಹೆಚ್ಚು ಕಂಡವು. "ನಾನು" ಎಂದು ಬರೆದರೆ ಅಪಾಯ ಎಂದು ಇದರ ಅರ್ಥವಲ್ಲ. ಒಂದೇ ಕಿಟಕಿಯಲ್ಲಿ ಸದಾ ನಿಂತು ನೋಡಬೇಡಿ ಎಂಬಷ್ಟಕ್ಕೆ ಅದನ್ನು ತೆಗೆದುಕೊಳ್ಳೋಣ.

ನಾಲ್ಕನೆಯ ಹೆಜ್ಜೆ: ಕಟ್ಟುವುದು

ಈಗ ಎರಡನೆಯ ಪುಸ್ತಕ. ಸಾಲು ಮುರಿಯುವುದು ಎಲ್ಲಿ ಎಂದು ಹೊಸಬರು ಕೇಳುತ್ತಾರೆ. ಜೋರಾಗಿ ಓದಿ, ಉಸಿರು ನಿಲ್ಲುವಲ್ಲಿ ಮುರಿಯಿರಿ. ವಿವರಣೆ ಕೊಡುವ ಮಾತುಗಳನ್ನು ಹೊಡೆದುಹಾಕಿ: ಏಕೆಂದರೆ, ಆದ್ದರಿಂದ, ನಿಜವಾಗಿಯೂ, ತುಂಬಾ. ಸೊಸೆಯ ಗದ್ಯದಿಂದ ಹೀಗೊಂದು ಪದ್ಯ ಬರಬಹುದು:

ಟಾವೆಲ್ ಗಂಟಿನ್ಯಾಗ
ಎರಡು ಜಂಪರ, ಒಂದು ಹಣಗಿ.
ಯಾವ ಊರಿಗೆ ಅತ್ತೀ, ಈ ಸಂಜೀಕ?

ಮ್ಯಾಲಿನ ಚಿಲಕ ಹಾಕೀನಿ.
ನಿಮಗ ನಿಲುಕೂದಿಲ್ಲ.
ನನಗ ನಿಲುಕತೈತಿ,
ನಾನೂ ಒಳಗ ಅದೀನಿ.

ಫೋನ್ ಹಿಡಿದ ಗಂಡ ಪದ್ಯದಿಂದ ಹೊರಗುಳಿದ. ಅವನ ಮೇಲಿನ ಸಿಟ್ಟಿಗೆ ಇನ್ನೊಂದು ಪದ್ಯ ಬೇಕು, ಎರಡನ್ನೂ ಒಂದರಲ್ಲಿ ತುರುಕಿದರೆ ಎರಡೂ ಕೆಡುತ್ತವೆ. "ನಾ ಎಂಥಾ ಹೆಣಮಗಳು" ಎಂಬ ಸ್ವಯಂನಿಂದೆ ಕೂಡ ಹೋಯಿತು. ಅದನ್ನು ಯಾರೂ ಬೇಕೆಂದು ತೆಗೆಯಲಿಲ್ಲ. ಅತ್ತೆಗೆ ನೇರವಾಗಿ ಮಾತಾಡತೊಡಗಿದ ಮೇಲೆ ಅದಕ್ಕೆ ಜಾಗ ಉಳಿಯಲಿಲ್ಲ. ಕೊನೆಯ ಸಾಲಿನಲ್ಲಿ ಅತ್ತೆ, ಸೊಸೆ ಇಬ್ಬರೂ ಬಾಗಿಲಿನ ಒಂದೇ ಬದಿಯಲ್ಲಿ ನಿಂತಿದ್ದಾರೆ. ಗದ್ಯ ಬರೆಯುವಾಗ ಅವಳಿಗೆ ಇದು ಹೊಳೆದಿರಲಿಲ್ಲ. ಕಟ್ಟುವ ಕೆಲಸದಿಂದ ಆಗುವ ಪ್ರಯೋಜನ ಎಂದು ನಾನು ಹೇಳುವುದು ಇದನ್ನೇ.

ಮುಕ್ತ ಸಾಲುಗಳು ಕೈಗೆ ಹತ್ತದಿದ್ದರೆ, ಅಥವಾ ಸಂಕಟ ವಿಪರೀತ ಹರಡಿಕೊಂಡಿದ್ದರೆ, ತ್ರಿಪದಿ ಹಿಡಿಯಿರಿ. ಲೆಕ್ಕ ಸುಲಭ: ಒಟ್ಟು ಹನ್ನೊಂದು ಗಣ (ಅಕ್ಷರಗಳ ಗುಂಪು), ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಆರನೆಯ ಮತ್ತು ಹತ್ತನೆಯ ಗಣ ಚಿಕ್ಕವು, ಉಳಿದವು ದೊಡ್ಡವು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದಲೂ ಇರುವ ಮಟ್ಟು ಇದು. ಲೆಕ್ಕ ಬೇಡವೆನಿಸಿದರೆ ಅಜ್ಜಿಯಿಂದ ಕೇಳಿದ ಯಾವುದಾದರೂ ಬೀಸುವ ಪದದ ಧಾಟಿಯಲ್ಲಿ ಗುನುಗುತ್ತಾ ಬರೆಯಿರಿ, ಗಣ ತಾನಾಗಿಯೇ ಕೂರುತ್ತದೆ. ಅದೇ ವಿಷಯ ಈ ಅಚ್ಚಿಗೆ ಬಂದರೆ:

ಗಂಟು ಕಟ್ಟ್ಯಾಳತ್ತಿ ತವರೀಗಿ ಹೊಂಟಾಳ
ಒಂಟಿ ಚಿಲಕವ ನಾನ್ಹಾಕಿ ಸಂಜೀಗಿ
ಕುಂಟು ನೆವ ಹೇಳಿ ಕೂಡ್ರಿಸಿದೆ

ಗಂಟು, ಒಂಟಿ, ಕುಂಟು. ಪ್ರಾಸ ಹುಡುಕುತ್ತಾ ಹೋದದ್ದರಿಂದಲೇ "ಒಂಟಿ" ಬಂತು, "ಕುಂಟು ನೆವ" ಬಂತು. ಅತ್ತೆಗೆ ದಿನಾ ಏನಾದರೊಂದು ಸುಳ್ಳು ಹೇಳಿ ಕೂರಿಸುವ ಮುಜುಗರ ಗದ್ಯದಲ್ಲಿ ಎಲ್ಲೂ ಇರಲಿಲ್ಲ. ಪ್ರಾಸ ಅದನ್ನು ಎಳೆದು ತಂದಿತು. ಪದ ಹುಡುಕುವಾಗ ಮನಸ್ಸಿನ ಅರ್ಧ ಭಾಗ ಲೆಕ್ಕದಲ್ಲಿ ತೊಡಗಿರುತ್ತದೆ. ಅಷ್ಟರ ಮಟ್ಟಿಗೆ ನೋವಿನ ಹಿಡಿತವೂ ಸಡಿಲ. ಛಂದಸ್ಸು ಎಂದರೆ ಪಂಡಿತರ ಸೊತ್ತು ಎಂದು ದೂರ ಇಟ್ಟವರು ಒಮ್ಮೆ ಇದನ್ನು ಪ್ರಯತ್ನಿಸಿ.

ಏನೂ ಬರೆಯಲಾಗದ ದಿನ

ಹಾಸಿಗೆಯಿಂದ ಏಳುವುದೇ ಕಷ್ಟವಾದ ದಿನಗಳಲ್ಲಿ ಈ ಹೆಜ್ಜೆಗಳೆಲ್ಲ ತಮಾಷೆಯಂತೆ ಕಾಣುತ್ತವೆ. ಅಂಥ ದಿನ ಮೂರೇ ಸಾಲು: ಕಣ್ಣಿಗೆ ಬಿದ್ದ ಒಂದು, ಮೈಗೆ ಅನಿಸಿದ ಒಂದು, ಯಾರಿಗಾದರೂ ಹೇಳಬೇಕಿದ್ದ ಒಂದು. "ಫ್ಯಾನಿನ ರೆಕ್ಕೆಗೆ ಧೂಳು. / ಕಾಲು ತಣ್ಣಗಿದೆ. / ಅಮ್ಮ, ಫೋನ್ ಮಾಡಬೇಡ, ಆದರೆ ಮಾಡು." ಇಷ್ಟು ಸಾಕು. ಅರ್ಥ ಬಿಡಿಸಲು ಹೋಗಬೇಡಿ, ದಿನಾಂಕ ಹಾಕಿ ಮುಚ್ಚಿಡಿ. ಇದನ್ನೂ ಬರೆಯಲಾಗದ ದಿನ ಬರೆಯದಿದ್ದರೆ ಯಾವ ಪಾಪವೂ ಇಲ್ಲ.

ಯಾರಿಗೆ ತೋರಿಸಬೇಕು, ಯಾರಿಗೆ ಬೇಡ

ಮೊದಲ ಪುಸ್ತಕವನ್ನು ಯಾರಿಗೂ ಬೇಡ. ಬೇಕಾದರೆ ಹರಿದುಹಾಕಿ, ಒಲೆಗೆ ಹಾಕಿ. ಕೂಡುಕುಟುಂಬದಲ್ಲಿ ಅದನ್ನು ಬಚ್ಚಿಡುವುದೇ ಒಂದು ಸಾಹಸ ಎಂದು ಗೊತ್ತು. ಬರೆದು ಅಂದೇ ಹರಿದರೂ ನಷ್ಟವೇನಿಲ್ಲ, ಹೆಕ್ಕಿದ ವಸ್ತುಗಳ ಹೆಸರನ್ನು ಒಂದು ಚೀಟಿಯಲ್ಲಿ ಉಳಿಸಿಕೊಂಡಿದ್ದರಾಯಿತು.

ಎರಡನೆಯ ಪುಸ್ತಕದ ಪದ್ಯವನ್ನು ಫೇಸ್‌ಬುಕ್‌ಗೋ ಸ್ಟೇಟಸ್‌ಗೋ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ತಿಂಗಳು ತಡೆಯಿರಿ. ಹಾಕಿದ ಕ್ಷಣದಿಂದ ಲೈಕ್ ಎಣಿಸುವ ಕೆಲಸ ಶುರುವಾಗುತ್ತದೆ, "ಸೂಪರ್ ಸಾಲುಗಳು ಮೇಡಂ" ಎಂಬ ಕಾಮೆಂಟ್ ಓದಿ ಇನ್ನಷ್ಟು ಒಂಟಿಯೆನಿಸಬಹುದು. ಪದ್ಯದಲ್ಲಿ ಬೇರೆಯವರ ಕಾಯಿಲೆ, ಬೇರೆಯವರ ಗುಟ್ಟು ಇದ್ದರಂತೂ ಅವರನ್ನು ಕೇಳದೆ ಹಾಕಬಾರದು. ನಮ್ಮ ಉದಾಹರಣೆಯ ಅತ್ತೆಯನ್ನು ಕೇಳಿ ಒಪ್ಪಿಗೆ ಪಡೆಯಲು ಸಾಧ್ಯವಿಲ್ಲ. ಹಾಗಿರುವಾಗ ಅವರ ಗುರುತು ಸಿಗದಂತೆ ಬದಲಿಸಬೇಕು.

ನಂಬಿಕೆಯ ಒಬ್ಬರಿಗೆ ಓದಿ ಹೇಳುವುದು ಬೇರೆಯೇ ವಿಷಯ. ಓದುವ ಮೊದಲು "ಸಲಹೆ ಬೇಡ, ತಿದ್ದುವುದೂ ಬೇಡ, ಸುಮ್ಮನೆ ಕೇಳು" ಎಂದು ಹೇಳಿಬಿಡಿ. ಮೂರ್ನಾಲ್ಕು ಜನ ಸೇರಿ ತಿಂಗಳಿಗೊಮ್ಮೆ ಕೂರುವುದಾದರೂ ಇದೇ ನಿಯಮ: ಯಾರೂ ಓದಲೇಬೇಕೆಂದಿಲ್ಲ, ಅಲ್ಲಿ ಕೇಳಿದ್ದು ಹೊರಗೆ ಹೋಗುವಂತಿಲ್ಲ, ಮತ್ತು "ಪಾಸಿಟಿವ್ ಆಗಿ ಯೋಚಿಸಿ" ಎನ್ನುವವರಿಗೆ ಆ ದಿನ ಚಹಾ ಇಲ್ಲ. ಸಾಹಿತ್ಯದ ಗುಣದೋಷ ಚರ್ಚಿಸಲು ಬೇರೆ ವೇದಿಕೆಗಳು ಧಾರಾಳವಾಗಿವೆ. ಆಪ್ತಸಮಾಲೋಚಕರ ಬಳಿ ಹೋಗುತ್ತಿರುವವರು ಪದ್ಯವನ್ನು ಅಲ್ಲಿಗೂ ಒಯ್ಯಬಹುದು. ಬಾಯಲ್ಲಿ ಹೇಳಲಾಗದ್ದನ್ನು ಓದಿ ಹೇಳುವುದು ಎಷ್ಟೋ ಸಲ ಸುಲಭ.

ತಿಂಗಳಿಗೊಮ್ಮೆ ತಿರುಗಿ ನೋಡುವುದು

ತಿಂಗಳ ಕೊನೆಗೆ ಎರಡನೆಯ ಪುಸ್ತಕವನ್ನು ಒಟ್ಟಿಗೆ ಓದಿ. ಪದ್ಯ ಚೆನ್ನಾಗಿದೆಯೇ ಎಂದಲ್ಲ, ಏನಾದರೂ ಕದಲಿದೆಯೇ ಎಂದು. ಬರೆಯುವುದರಿಂದ ಹೆಚ್ಚು ಲಾಭ ಪಡೆದವರ ಬರಹಗಳಲ್ಲಿ ದಿನದಿಂದ ದಿನಕ್ಕೆ "ಯಾಕೆಂದರೆ", "ಈಗ ತಿಳಿಯುತ್ತದೆ" ಎಂಬ ಬಗೆಯ ಮಾತುಗಳು ಹೆಚ್ಚಿದ್ದನ್ನು ಪೆನ್ನೆಬೇಕರ್ ಗಮನಿಸಿದ್ದರು. ಪದ್ಯದಲ್ಲಿ ಆ ಪದಗಳನ್ನು ಹೊಡೆದುಹಾಕಲು ಹೇಳಿದೆ, ನಿಜ. ಹಾಗಾಗಿ ಆ ಬದಲಾವಣೆಯನ್ನು ಬೇರೆ ಗುರುತುಗಳಲ್ಲಿ ಹುಡುಕಬೇಕು. ಹೊಸ ಮನುಷ್ಯರು ಪದ್ಯದೊಳಗೆ ಬಂದಿದ್ದಾರೆಯೇ? ಭೂತಕಾಲದ ಕ್ರಿಯಾಪದಗಳ ನಡುವೆ ಎಲ್ಲಾದರೂ "ನಾಳೆ" ಬಂದಿದೆಯೇ? ಸಿಟ್ಟಿನ ಜಾಗದಲ್ಲಿ ಒಂದು ಚೂರು ನಗೆ ಇಣುಕಿದೆಯೇ?

ಅದೇ ವಸ್ತು, ಅದೇ ದೂರು, ಅದೇ ಸಾಲುಗಳೇ ಮತ್ತೆ ಮತ್ತೆ ಬಂದಿದ್ದರೆ ಆ ವಿಷಯವನ್ನು ಒಂದು ತಿಂಗಳು ಪಕ್ಕಕ್ಕಿಡಿ. ಅಂಗಳದ ಗಿಡದ ಬಗ್ಗೆ, ಬಸ್ಸಿನಲ್ಲಿ ಕಂಡವರ ಬಗ್ಗೆ, ಊಟದ ಬಗ್ಗೆ ಬರೆಯಿರಿ. ಅಷ್ಟಾದರೂ ರಾತ್ರಿಯ ನಿದ್ದೆ ಸುಧಾರಿಸದಿದ್ದರೆ ಆ ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಯಾವಾಗಿನಿಂದ ಹೀಗಾಗುತ್ತಿದೆ ಎಂದು ಅವರು ಕೇಳಿದಾಗ ಅದರಲ್ಲಿ ಹಾಕಿದ ದಿನಾಂಕಗಳು ಉಪಯೋಗಕ್ಕೆ ಬರುತ್ತವೆ.